ಪ್ರಾಗ್‌ನಿಂದ ಲಾಸ್ ಏಂಜಲೀಸ್‌ವರೆಗೆ: ಹೊರದೇಶಗಳಲ್ಲಿ ಸಿನಿಮಾ ವ್ಯಾಸಂಗ

ವಿದೇಶದ ವಿಶ್ವವಿದ್ಯಾಲಯಗಳ ಪ್ರಕಟಣೆಗಳಲ್ಲಿ ‘ಫಿಲ್ಮ್ ಅಂಡ್ ಮೀಡಿಯಾ’ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಸ್ವಭಾವತಃ ಬೇರೆಬೇರೆಯಾದ ಎರಡು ಬಗೆಯ ವ್ಯಾಸಂಗಗಳು ಸೇರಿಕೊಂಡಿರುತ್ತವೆ. ಮೊದಲನೆಯದರಲ್ಲಿ ವಿದ್ಯಾರ್ಥಿಗಳು ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿಗ್ರಹಣ, ಚಿತ್ರಕಥಾ ರಚನೆ ಮುಂತಾದವುಗಳಲ್ಲಿ ಒಂದನ್ನು ಕೈಯಾರೆ ಮಾಡಿ ಕಲಿಯುತ್ತಾರೆ. ಎರಡನೆಯದರಲ್ಲಿ ಚಿತ್ರಗಳನ್ನು ಮತ್ತೆ ಮತ್ತೆ ನೋಡಿ, ಅವುಗಳ ಚರಿತ್ರೆ, ಸಿದ್ಧಾಂತ, ಉದ್ಯಮ ಮತ್ತು ಪ್ರೇಕ್ಷಕವರ್ಗವನ್ನು ಕುರಿತು ಪ್ರಬಂಧಗಳನ್ನು ಬರೆಯುತ್ತಾರೆ. ಮಾಧ್ಯಮ ಅಧ್ಯಯನ ಎಂಬ ಶಿಸ್ತು ಈ ಎರಡನೆಯ ಬಗೆಗೆ ಹತ್ತಿರವಾದದ್ದು. 1964ರಲ್ಲಿ ರಿಚರ್ಡ್ ಹಾಗರ್ಟ್ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸ್ಥಾಪಿಸಿದ, ಆನಂತರ ಸ್ಟುವರ್ಟ್ ಹಾಲ್ ಮುನ್ನಡೆಸಿದ ಸಮಕಾಲೀನ ಸಂಸ್ಕೃತಿ ಅಧ್ಯಯನ ಕೇಂದ್ರವು ಈ ಶಿಸ್ತಿಗೆ ಗಟ್ಟಿಯಾದ ತಳಹದಿ ಹಾಕಿತು. ಟೆಲಿವಿಷನ್ ಬಿತ್ತರಿಸುವ ಅರ್ಥವನ್ನು ನೋಡುಗರು ಹಾಗೆಯೇ ನುಂಗಿಬಿಡುವುದಿಲ್ಲ, ತಮ್ಮ ವರ್ಗ ಮತ್ತು ಅನುಭವಗಳಿಗೆ ತಕ್ಕಂತೆ ಅದನ್ನು ಒಪ್ಪುತ್ತಾರೆ, ತಿದ್ದಿಕೊಳ್ಳುತ್ತಾರೆ ಇಲ್ಲವೇ ತಳ್ಳಿಹಾಕುತ್ತಾರೆ ಎಂದು ಹಾಲ್ 1973ರಲ್ಲಿ ಮಂಡಿಸಿದ ವಾದವನ್ನು ಇಂದಿಗೂ ಈ ವಿಷಯದ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಓದುತ್ತಾರೆ. ಆ ಕೇಂದ್ರ 2002ರಲ್ಲಿ ಮುಚ್ಚಿಹೋದರೂ ಅದರ ವಿಚಾರಗಳು ಜಗತ್ತಿನ ಹಲವು ವಿಭಾಗಗಳಲ್ಲಿ ಉಳಿದಿವೆ. ಇದು ಘನವಾದ ವಿದ್ಯೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕ್ಯಾಮೆರಾ ಹಿಡಿಯಬೇಕೆಂದು ಹೊರಟವರು ಪಠ್ಯಕ್ರಮವನ್ನು ಓದದೆ ಇಂಥ ವಿಭಾಗವೊಂದಕ್ಕೆ ಸೇರಿದರೆ ವರ್ಷವೆಲ್ಲ ಗ್ರಂಥಾಲಯದಲ್ಲೇ ಕಳೆಯಬೇಕಾಗುತ್ತದೆ.

ಚಿತ್ರ ತಯಾರಿಕೆಯನ್ನು ಕಲಿಸುವ ಶಾಲೆಗಳ ಚರಿತ್ರೆ ಇದಕ್ಕಿಂತ ಹಳೆಯದು. 1919ರಲ್ಲಿ ಮಾಸ್ಕೋದಲ್ಲಿ ಆರಂಭವಾಗಿ ಮುಂದೆ ವಿಜಿಐಕೆ ಎಂದು ಹೆಸರಾದ ಸಂಸ್ಥೆಯು ಜಗತ್ತಿನ ಮೊತ್ತಮೊದಲ ಸಿನಿಮಾ ಶಾಲೆಯೆಂದು ಪರಿಗಣಿತವಾಗಿದೆ. ಕ್ರಾಂತಿಯ ನಂತರದ ಆ ದಿನಗಳಲ್ಲಿ ಕಚ್ಚಾ ಫಿಲ್ಮೇ ಸಿಗುತ್ತಿರಲಿಲ್ಲವಾದ್ದರಿಂದ, ಅಲ್ಲಿನ ಅಧ್ಯಾಪಕ ಲೆವ್ ಕುಲೆಷೋವ್ ಮತ್ತು ಅವನ ಶಿಷ್ಯರು ಇದ್ದ ಚಿತ್ರಗಳ ತುಣುಕುಗಳನ್ನೇ ಕತ್ತರಿಸಿ ಬೇರೆ ಕ್ರಮದಲ್ಲಿ ಅಂಟಿಸಿ ನೋಡುತ್ತಿದ್ದರು. ನಟನೊಬ್ಬನ ಭಾವರಹಿತವಾದ ಒಂದೇ ಮುಖವನ್ನು ಒಮ್ಮೆ ಸೂಪಿನ ತಟ್ಟೆಯ ಪಕ್ಕ, ಇನ್ನೊಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದಾಗ ಆ ಮುಖದಲ್ಲಿ ಹಸಿವೂ ದುಃಖವೂ ಕಾಣುತ್ತವೆ ಎಂಬ, ಇಂದು ಕುಲೆಷೋವ್ ಪರಿಣಾಮವೆಂದು ಕರೆಯಲಾಗುವ ತಿಳಿವಳಿಕೆ ಹುಟ್ಟಿದ್ದು ಹೀಗೆ. ಒಂದು ಶಾಲೆಯ ಬೋಧನಾಕ್ರಮವೆಂಬುದು ಬಹುಮಟ್ಟಿಗೆ ಆ ಊರಿನ ಅಭಾವಗಳಿಂದಲೂ ರಾಜಕೀಯದಿಂದಲೂ ರೂಪುಗೊಳ್ಳುತ್ತದೆಂಬ ಮಾತಿಗೆ ಇದು ಮೊದಲ ನಿದರ್ಶನ. ಶಾಲೆಗಳನ್ನು ಶ್ರೇಯಾಂಕದ ಪಟ್ಟಿ ನೋಡಿ ಆರಿಸುವ ಈಗಿನ ರೂಢಿಯಲ್ಲಿ ಕಾಣದೆ ಹೋಗುವುದೂ ಇದೇ ಸಂಗತಿ.

ಇದನ್ನು ಹತ್ತಿರದಿಂದ ನೋಡಲು ಪ್ರಾಗ್ ನಗರದ ಫಾಮು ಅತ್ಯಂತ ತಕ್ಕ ಉದಾಹರಣೆ. ನಾಟಕ ಮತ್ತು ಸಂಗೀತದ ವಿಭಾಗಗಳನ್ನೂ ಒಳಗೊಂಡ ಪ್ರದರ್ಶನ ಕಲೆಗಳ ಅಕಾಡೆಮಿಯ ಒಂದು ಅಂಗವಾಗಿ 1946ರಲ್ಲಿ ಆರಂಭವಾದ ಈ ಶಾಲೆ ವ್ಲ್ತಾವಾ ನದಿಯ ದಂಡೆಯ ಲಜಾನ್ಸ್ಕಿ ಅರಮನೆಯಲ್ಲಿದೆ. ಅದೇ ಕಟ್ಟಡದ ನೆಲಮಹಡಿಯಲ್ಲಿ ಲೇಖಕರೂ ಕಲಾವಿದರೂ ಸೇರುತ್ತಿದ್ದ ಹೆಸರಾಂತ ಸ್ಲಾವಿಯಾ ಕಾಫಿಗೃಹವಿದೆ, ಎದುರಿಗೆ ರಾಷ್ಟ್ರೀಯ ರಂಗಮಂದಿರವಿದೆ. ಚೆಕೊಸ್ಲೊವಾಕಿಯಾದ ಚಿತ್ರೋದ್ಯಮ 1945ರಲ್ಲಿ ರಾಷ್ಟ್ರೀಕರಣಗೊಂಡಿದ್ದರಿಂದ ವಿದ್ಯಾರ್ಥಿಗಳ ಚಿತ್ರಗಳಿಗೆ ಸರ್ಕಾರದ ಹಣವೇ ದೊರೆಯುತ್ತಿತ್ತು, ಸಾರ್ವಜನಿಕರಿಗೆ ನೋಡಸಿಗದ ಪಾಶ್ಚಾತ್ಯ ಚಿತ್ರಗಳೂ ಶಾಲೆಯ ಒಳಗಿನ ಪ್ರದರ್ಶನಗಳಲ್ಲಿ ಅವರಿಗೆ ಲಭ್ಯವಾಗುತ್ತಿದ್ದವು. ಸೆನ್ಸಾರಿನ ನೆರಳಿನಲ್ಲೇ ಇಂಥ ಸ್ವಾತಂತ್ರ್ಯವೂ ಸಿಕ್ಕಿದ್ದು ಆ ವ್ಯವಸ್ಥೆಯ ವಿಚಿತ್ರಗಳಲ್ಲೊಂದು.

ಅಲ್ಲಿ ವಿಶ್ವಸಾಹಿತ್ಯವನ್ನು ಪಾಠ ಮಾಡುತ್ತಿದ್ದವರು ಮುಂದೆ ಕಾದಂಬರಿಕಾರರಾಗಿ ಜಗತ್ಪ್ರಸಿದ್ಧರಾದ ಮಿಲನ್ ಕುಂದೇರಾ. ಚಿತ್ರಕಥಾ ವಿಭಾಗದ ವಿದ್ಯಾರ್ಥಿಯಾಗಿದ್ದ ಮಿಲೋಶ್ ಫೋರ್ಮನ್, ಹದಿನೆಂಟನೆಯ ಶತಮಾನದ ಫ್ರೆಂಚ್ ಲೇಖಕ ಲಾಕ್ಲೋನ ಪತ್ರರೂಪದ ಕಾದಂಬರಿಯನ್ನು ಓದಿದ್ದು ಅವರ ತರಗತಿಗಾಗಿಯೇ. ಅದೇ ಕಾದಂಬರಿಯನ್ನು ಆಧರಿಸಿ ಫೋರ್ಮನ್ 1989ರಲ್ಲಿ ‘ವಾಲ್ಮಾಂಟ್’ ಚಿತ್ರ ಮಾಡಿದರು. ತಂತ್ರ ಕಲಿಸುವ ಶಾಲೆಗೆ ಸಾಹಿತ್ಯವೇಕೆ ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಲಾರದು. ನಿರ್ದೇಶನ ವಿಭಾಗದಲ್ಲಿ ಓತಕಾರ್ ವಾವ್ರಾ ಎಂಬ ಹಿರಿಯ ನಿರ್ದೇಶಕರ ಕೈಕೆಳಗೆ ವೇರಾ ಖಿತಿಲೋವಾ, ಯಿರಿ ಮೆನ್ಜೆಲ್, ಎವಾಲ್ಡ್ ಶೋರ್ಮ್ ಒಂದೇ ತಂಡದಲ್ಲಿ ಕಲಿತರು. ಒಬ್ಬ ಗುರುವಿನ ಬಳಿ ವರ್ಷಗಟ್ಟಲೆ ಇದ್ದು, ಸಹಪಾಠಿಗಳ ಚಿತ್ರಗಳಲ್ಲಿ ಸರದಿಯ ಮೇಲೆ ಕೆಲಸ ಮಾಡುತ್ತ ಕಲಿಯುವ ಈ ಕ್ರಮದ ಫಲವನ್ನು 1966ರಲ್ಲಿ ತೆರೆಕಂಡ ‘ಪರ್ಲ್ಸ್ ಆಫ್ ದ ಡೀಪ್’ ಚಿತ್ರದಲ್ಲಿ ನೋಡಬಹುದು: ಬೊಹುಮಿಲ್ ಹ್ರಬಾಲ್‌ರ ಐದು ಕಥೆಗಳನ್ನು ಐವರು ನಿರ್ದೇಶಕರು ಹಂಚಿಕೊಂಡು ಮಾಡಿದ ಆ ಚಿತ್ರದ ಐವರೂ ಫಾಮುವಿನವರು. ಹ್ರಬಾಲ್‌ರದೇ ಕೃತಿಯಿಂದ ಮೆನ್ಜೆಲ್ ಮಾಡಿದ ‘ಕ್ಲೋಸ್ಲಿ ವಾಚ್ಡ್ ಟ್ರೇನ್ಸ್’ 1968ರಲ್ಲಿ ಆಸ್ಕರ್ ಪಡೆದಾಗ ನಿರ್ದೇಶಕನ ವಯಸ್ಸು ಕೇವಲ ಮೂವತ್ತು.

ಅದೇ ವರ್ಷದ ಆಗಸ್ಟಿನಲ್ಲಿ ಸೋವಿಯತ್ ನೇತೃತ್ವದ ಸೇನೆಗಳು ಪ್ರಾಗ್ ಪ್ರವೇಶಿಸಿದವು. ಕುಂದೇರಾ ಅಧ್ಯಾಪಕ ಹುದ್ದೆ ಕಳೆದುಕೊಂಡರು, ಪೋಲೆಂಡಿನಿಂದ ಬಂದು ಓದುತ್ತಿದ್ದ ಅಗ್ನಿಯೆಷ್ಕಾ ಹಾಲಂಡ್ ಕೆಲಕಾಲ ಸೆರೆಮನೆಯಲ್ಲಿದ್ದು 1971ರಲ್ಲಿ ಪದವಿ ಪಡೆದರು, ಫೋರ್ಮನ್ ಅಮೆರಿಕ ಸೇರಿದರು. ಶಾಲೆಯ ಮುಖ್ಯಸ್ಥರಾಗಿದ್ದ ಫ್ರಾಂಕ್ ಡೇನಿಯಲ್ ಕೂಡ ಅಮೆರಿಕಕ್ಕೆ ವಲಸೆ ಹೋದರು. ಪ್ರಾಗ್‌ನ ಪಾಠಕ್ರಮ ಲಾಸ್ ಏಂಜಲೀಸ್‌ಗೆ ಹೋದದ್ದು ಬಹುಮಟ್ಟಿಗೆ ಇವರ ಜೊತೆಯಲ್ಲಿ. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಅವರ ವಿದ್ಯಾರ್ಥಿಯಾಗಿದ್ದ ಡೇವಿಡ್ ಲಿಂಚ್ ಮುಂದೆ ಪದೇ ಪದೇ ನೆನೆದ ಪಾಠ ಬಹಳ ಸರಳ: ಅಂಗೈಯಗಲದ ಎಪ್ಪತ್ತು ಕಾರ್ಡುಗಳನ್ನು ತೆಗೆದುಕೊಂಡು, ಒಂದೊಂದರಲ್ಲಿ ಒಂದೊಂದು ದೃಶ್ಯವನ್ನು ಬರೆಯುತ್ತ ಹೋದರೆ ಎಪ್ಪತ್ತೂ ತುಂಬುವ ಹೊತ್ತಿಗೆ ಪೂರ್ಣಾವಧಿಯ ಚಿತ್ರವೊಂದು ಸಿದ್ಧವಾಗಿರುತ್ತದೆ. ಡೇನಿಯಲ್ ಬೋಧಿಸಿದ ಇನ್ನೊಂದು ಕ್ರಮದಲ್ಲಿ ಚಿತ್ರಕಥೆಯನ್ನು ಹತ್ತರಿಂದ ಹದಿನೈದು ನಿಮಿಷಗಳ ಸುಮಾರು ಎಂಟು ಘಟಕಗಳಾಗಿ ವಿಂಗಡಿಸಲಾಗುತ್ತದೆ, ಪ್ರತಿ ಘಟಕಕ್ಕೂ ತನ್ನದೇ ಆದ ಆರಂಭ, ಬಿಕ್ಕಟ್ಟು, ತಿರುವು ಇರುತ್ತವೆ. ಇದರ ಬೇರು ಹಳೆಯ ಪ್ರೊಜೆಕ್ಟರ್ ಕೋಣೆಯಲ್ಲಿದೆ. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿಯಂತೆ ಓಡುವುದರಿಂದ ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ ಬರುತ್ತಿತ್ತು, ಕಥೆಗಾರರು ರೀಲಿಗೆ ತಕ್ಕಂತೆ ಕಥೆಯ ಏರಿಳಿತಗಳನ್ನು ಹೊಂದಿಸಿಕೊಳ್ಳುತ್ತಿದ್ದರು. ಡೇನಿಯಲ್ ಮತ್ತು ಫೋರ್ಮನ್ 1978ರಿಂದ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಿನಿಮಾ ವಿಭಾಗವನ್ನು ಜೊತೆಯಾಗಿ ನಡೆಸಿದರು. ಡೇನಿಯಲ್ ಆಮೇಲೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ, ಎಂದರೆ ಹಾಲಿವುಡ್ ಗಣ್ಯರ ನೆರವಿನಿಂದ 1929ರಲ್ಲೇ ಸಿನಿಮಾ ಪಾಠ ಆರಂಭಿಸಿದ ಸಂಸ್ಥೆಗೆ ಹೋದರು.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಚಿತ್ರ ತಯಾರಿಕೆಯ ಉನ್ನತ ಪದವಿಗೆ ಎಂಎಫ್ಎ ಎಂದು ಹೆಸರು. ಸಾಮಾನ್ಯ ಎಂಎ ಪದವಿಯಂತಲ್ಲದೆ ಇದು ಎರಡು ಅಥವಾ ಮೂರು ವರ್ಷ ಹಿಡಿಯುತ್ತದೆ, ಕೊನೆಯಲ್ಲಿ ಪ್ರಬಂಧದ ಬದಲು ಚಿತ್ರವನ್ನೋ ಚಿತ್ರಕಥೆಯನ್ನೋ ಒಪ್ಪಿಸಬೇಕಾಗುತ್ತದೆ. ಹೀಗೆ ಒಪ್ಪಿಸಿದ ಚಿತ್ರಗಳಲ್ಲಿ ಚಾರ್ಲ್ಸ್ ಬರ್ನೆಟ್‌ರ ‘ಕಿಲ್ಲರ್ ಆಫ್ ಶೀಪ್’ ವಿಶೇಷವಾದದ್ದು. ಲಾಸ್ ಏಂಜಲೀಸ್‌ನಲ್ಲಿ ಆಗ ಕಪ್ಪು ಜನರ ಬಡಾವಣೆಯಾಗಿದ್ದ ವಾಟ್ಸ್‌ನಲ್ಲಿ, ಹೆಚ್ಚಾಗಿ ವಾರಾಂತ್ಯಗಳಲ್ಲಿ, ಹತ್ತು ಸಾವಿರ ಡಾಲರಿಗೂ ಕಡಿಮೆ ವೆಚ್ಚದಲ್ಲಿ ತಯಾರಾದ ಇದನ್ನು ಬರ್ನೆಟ್ 1977ರಲ್ಲಿ ಅಲ್ಲಿನ ಯುಸಿಎಲ್ಎ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಆದರೆ ಅದು ಚಿತ್ರಮಂದಿರಗಳಲ್ಲಿ ಸರಿಯಾಗಿ ಬಿಡುಗಡೆಯಾದದ್ದು 2007ರಲ್ಲಿ, ಏಕೆಂದರೆ ಹಿನ್ನೆಲೆಯಲ್ಲಿ ಬಳಸಿದ ಹಾಡುಗಳಿಗೆ ಅವರು ಅನುಮತಿ ಪಡೆದಿರಲಿಲ್ಲ. ಕೊನೆಗೆ ಆ ಹಕ್ಕುಗಳಿಗೆ ತೆರಬೇಕಾಗಿ ಬಂದ ಹಣ ಸುಮಾರು ಒಂದೂವರೆ ಲಕ್ಷ ಡಾಲರ್, ಅಂದರೆ ಚಿತ್ರದ ವೆಚ್ಚದ ಹದಿನೈದು ಪಟ್ಟಿಗೂ ಹೆಚ್ಚು. ಹಕ್ಕುಸ್ವಾಮ್ಯ, ಕರಾರುಪತ್ರ, ಆಯವ್ಯಯದ ಅಂದಾಜು ಇವು ನಿರ್ಮಾಣ ವಿಭಾಗದ ಪಠ್ಯದಲ್ಲಿ ಎದ್ದು ಕಾಣದ ಪಾಠಗಳಾದರೂ, ಅವುಗಳನ್ನು ಬೇಸರದ ವಿಷಯಗಳೆಂದು ಕಡೆಗಣಿಸಲಾಗದು.

ಪ್ರವೇಶದ ವಿಧಾನವೂ ಶಾಲೆಯಿಂದ ಶಾಲೆಗೆ ಬೇರೆ. ಹೆಚ್ಚಿನ ಕಡೆ ಅಂಕಪಟ್ಟಿಗಿಂತ ಮೇಲಿನ ಸ್ಥಾನ ಪೋರ್ಟ್‌ಫೋಲಿಯೊಗೆ, ಅಂದರೆ ಅಭ್ಯರ್ಥಿಯ ಕಿರುಚಿತ್ರ, ಛಾಯಾಚಿತ್ರಗಳ ಸರಣಿ, ಬರಹಗಳ ಸಂಕಲನಕ್ಕೆ ಸಲ್ಲುತ್ತದೆ. ಆಮೇಲೆ ಸಂದರ್ಶನ, ಕೆಲವೆಡೆ ಹಲವು ಸುತ್ತಿನ ಪರೀಕ್ಷೆ. ಆಯ್ಕೆ ಸಮಿತಿಗಳು ತಪ್ಪುವುದೂ ಉಂಟು: ಯುದ್ಧದಲ್ಲಿ ವಾರ್ಸಾ ನೆಲಸಮವಾದ ಕಾರಣ 1948ರಲ್ಲಿ ಲೋಡ್ಜ್ ನಗರದಲ್ಲಿ ತೆರೆದ ಪೋಲಿಷ್ ಸಿನಿಮಾ ಶಾಲೆ ಕ್ರಿಸ್ತೋಫ್ ಕಿಸ್ಲೋವ್‌ಸ್ಕಿಯನ್ನು ಎರಡು ಬಾರಿ ತಿರಸ್ಕರಿಸಿ ಮೂರನೆಯ ಸಲ ಸೇರಿಸಿಕೊಂಡಿತು, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಸ್ಟೀವನ್ ಸ್ಪೀಲ್‌ಬರ್ಗ್‌ಗೆ ಸೀಟು ಕೊಡಲೇ ಇಲ್ಲ.

ಹಣದ ಲೆಕ್ಕದಲ್ಲಿ ಭಾಷೆಯ ಪಾತ್ರ ಎಷ್ಟು ದೊಡ್ಡದೆಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಚೆಕ್ ಗಣರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಚೆಕ್ ಭಾಷೆಯಲ್ಲಿ ಓದುವವರಿಗೆ, ಅವರು ಯಾವ ದೇಶದವರಾದರೂ, ಬೋಧನಾ ಶುಲ್ಕವಿಲ್ಲ; ಫಾಮುವಿನಲ್ಲೇ ಇಂಗ್ಲಿಷ್ ಮಾಧ್ಯಮದ ಕೋರ್ಸು ಆರಿಸಿಕೊಂಡವರು ಶುಲ್ಕ ತೆರಬೇಕು. ಹಾಗಾಗಿ ಒಂದೆರಡು ವರ್ಷ ಆ ಭಾಷೆಗೆ ಮುಡಿಪಿಟ್ಟವರಿಗೆ ಉಳಿತಾಯವೂ ಆಗುತ್ತದೆ, ಸಹಪಾಠಿಗಳ ಸೆಟ್ಟಿನಲ್ಲಿ ಕೆಲಸವೂ ಸಿಗುತ್ತದೆ. ಜರ್ಮನಿಯ ಬಹುತೇಕ ಸರ್ಕಾರಿ ಸಂಸ್ಥೆಗಳಲ್ಲೂ ಶುಲ್ಕ ನಾಮಮಾತ್ರದ್ದು, ಆದರೆ ಜೀವನ ನಿರ್ವಹಣೆಯ ಖಾತರಿಯಾಗಿ ಬ್ಲಾಕ್ಡ್ ಅಕೌಂಟ್ ಎಂಬ ವಿಶೇಷ ಬ್ಯಾಂಕ್ ಖಾತೆಯಲ್ಲಿ ವೀಸಾಕ್ಕೆ ಮೊದಲೇ ಹಣ ಇಡಬೇಕು. 2024ರಲ್ಲಿ ನಿಗದಿಯಾದಂತೆ ಈ ಮೊತ್ತ ವರ್ಷಕ್ಕೆ 11,904 ಯೂರೊ, ಅದರಿಂದ ತಿಂಗಳಿಗೆ 992 ಯೂರೊ ಮಾತ್ರ ತೆಗೆಯಬಹುದು. ಒಂದೇ ಪದವಿಯನ್ನು ಹಲವು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಸುತ್ತಿ ಓದುವ ಎರಾಸ್ಮಸ್ ಮುಂಡುಸ್ ಎಂಬ ಯುರೋಪಿಯನ್ ಒಕ್ಕೂಟದ ಯೋಜನೆಯಡಿ ಸಾಕ್ಷ್ಯಚಿತ್ರ, ಛಾಯಾಗ್ರಹಣ ಮುಂತಾದ ಸ್ನಾತಕೋತ್ತರ ಕೋರ್ಸುಗಳು ನಡೆದಿವೆ. ಆಯ್ಕೆಯಾದ ಕೆಲವರಿಗೆ ಶುಲ್ಕ ವಿನಾಯಿತಿಯ ಜೊತೆ ತಿಂಗಳಿಗೆ 1,400 ಯೂರೊ ವಿದ್ಯಾರ್ಥಿವೇತನ ದೊರೆಯುತ್ತದೆ. ಅಮೆರಿಕದಲ್ಲಿ ಶುಲ್ಕ ದುಬಾರಿ, ಅದರ ಮೇಲೆ ಪದವಿಚಿತ್ರದ ಖರ್ಚೂ ವಿದ್ಯಾರ್ಥಿಯದೇ ಆಗುವುದು ಸಾಮಾನ್ಯ. ಓದಿದ ಮೇಲೆ ಅಲ್ಲೇ ಕೆಲಸ ಮಾಡಲು ಸಿಗುವ ಒಪಿಟಿ ಎಂಬ ಅನುಮತಿ ಹನ್ನೆರಡು ತಿಂಗಳದ್ದು. ವಿಜ್ಞಾನ ಮತ್ತು ತಂತ್ರಜ್ಞಾನ ಪದವೀಧರರಿಗೆ ದಕ್ಕುವ ಇಪ್ಪತ್ತನಾಲ್ಕು ತಿಂಗಳ ವಿಸ್ತರಣೆ ಚಿತ್ರ ತಯಾರಿಕೆಯವರಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಸಾಲ ಮಾಡಿ ಹೊರಡುವ ಕುಟುಂಬಗಳು ಮೊದಲು ಓದಬೇಕಾದದ್ದು ಈ ನಿಯಮವನ್ನು.

ಕರ್ನಾಟಕದಲ್ಲಿ ಸಿನಿಮಾ ಶಿಕ್ಷಣ ಹೊಸದೇನೂ ಅಲ್ಲ. ಪ್ರಾಗ್‌ನಲ್ಲಿ ಫಾಮು ಆರಂಭವಾದ 1946ರಲ್ಲೇ ಮೈಸೂರಿನ ವಿ. ಕೆ. ಮೂರ್ತಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಮುಗಿಸಿದ್ದರು. ಮುಂದೆ ಗುರುದತ್ತರ ‘ಕಾಗಜ್ ಕೆ ಫೂಲ್’ ಚಿತ್ರದ ನೆರಳು ಬೆಳಕನ್ನು ರೂಪಿಸಿದವರು ಅವರೇ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಶುರುವಾಗಲು ಆಗ ಇನ್ನೂ ಹದಿನಾಲ್ಕು ವರ್ಷ ಬಾಕಿಯಿತ್ತು. ಹೊರದೇಶದಲ್ಲಿ ಕಲಿತು ಕನ್ನಡದಲ್ಲೇ ಚಿತ್ರ ಮಾಡಿದವರಲ್ಲಿ ‘ತಿಥಿ’ಯ ರಾಮ್ ರೆಡ್ಡಿ ಪ್ರಮುಖರು. ಅವರು ಓದಿದ್ದು ಪ್ರಾಗ್ ಫಿಲ್ಮ್ ಸ್ಕೂಲಿನಲ್ಲಿ. ಇದು ಫಾಮುವಿಗಿಂತ ಬೇರೆಯಾದ ಖಾಸಗಿ ಸಂಸ್ಥೆ, ಊರು ಒಂದೇ ಆದ್ದರಿಂದ ಎರಡನ್ನೂ ಬೆರೆಸುವುದು ಸುಲಭ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಅಲ್ಲಿನವರನ್ನೇ ಪಾತ್ರಧಾರಿಗಳಾಗಿ ಇಟ್ಟುಕೊಂಡು ತೆಗೆದ ‘ತಿಥಿ’ 2015ರ ಲೊಕಾರ್ನೊ ಉತ್ಸವದ ‘ಈ ಹೊತ್ತಿನ ಚಿತ್ರಕಾರರು’ ವಿಭಾಗದಲ್ಲಿ ಸ್ವರ್ಣ ಚಿರತೆ ಗೆದ್ದಿತು. ಆ ಊರಿನ ಮಾತು, ಜಗಳ, ಹಾಸ್ಯ ಬಂದದ್ದು ಪ್ರಾಗ್‌ನಿಂದಲ್ಲ, ಅದೇ ಊರಿನ ನಂಟಿದ್ದ ಸಹಲೇಖಕ ಈರೇಗೌಡರಿಂದ. ಇನ್ನು ವಿದೇಶಕ್ಕೆ ಹೋಗದೆಯೇ ವಿದೇಶಿ ಶಾಲೆಗಳ ವಿದ್ಯಾರ್ಥಿಗಳ ಜೊತೆ ಸ್ಪರ್ಧಿಸಿದವರೂ ಇದ್ದಾರೆ. ವೈದ್ಯಕೀಯ ಓದಿ ಪುಣೆಯ ಸಂಸ್ಥೆ ಸೇರಿದ ಚಿದಾನಂದ ನಾಯ್ಕ್, ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸಿನ ಅಭ್ಯಾಸಚಿತ್ರವಾಗಿ, ಊರಿನ ಕೋಳಿಯನ್ನು ಕದ್ದ ಮುದುಕಿಯ ಕಥೆಯೊಂದನ್ನು ಕನ್ನಡದಲ್ಲಿ ನಾಲ್ಕು ದಿನಗಳಲ್ಲಿ ಚಿತ್ರೀಕರಿಸಿದರು. 2024ರ ಕಾನ್ ಉತ್ಸವದ ವಿದ್ಯಾರ್ಥಿಚಿತ್ರಗಳ ವಿಭಾಗವಾದ ‘ಲಾ ಸಿನೆಫ್’ಗೆ ಜಗತ್ತಿನ 555 ಶಾಲೆಗಳಿಂದ ಬಂದಿದ್ದ 2,263 ಚಿತ್ರಗಳಲ್ಲಿ ಹದಿನೆಂಟು ಮಾತ್ರ ಆಯ್ಕೆಯಾಗಿ, ಹದಿನಾರು ನಿಮಿಷದ ಆ ಕನ್ನಡ ಚಿತ್ರಕ್ಕೆ ಮೊದಲ ಬಹುಮಾನ ಬಂತು.