ದೊಡ್ಡದs ಕೊಡ್ರಿ, ಹುಡುಗ ಬೆಳೀತಾನ!

2023ರ ಅಕ್ಟೋಬರಿನಲ್ಲಿ ಧಾರವಾಡದಲ್ಲಿ ಅಂತಾರಾಷ್ಟ್ರೀಯ ಟೆನಿಸ್ ಟೂರ್ನಿ ನಡೆಯಿತಲ್ಲ, ಅದನ್ನು ನೋಡಿ ಬಂದ ದಿನದಿಂದ ಒಂಬತ್ತು ವರ್ಷದ ನನ್ನ ಮೊಮ್ಮಗನಿಗೆ ಅದೇ ಧ್ಯಾನ. ಬೇಸಿಗೆ ರಜೆಯಲ್ಲಿ ಗರಗದಿಂದ ಧಾರವಾಡಕ್ಕೆ ಕಲಿಯಲು ಕಳಿಸುವುದೆಂದಾಯಿತು. ರ‍್ಯಾಕೆಟ್ ಕೊಡಿಸುವ ಪಾಳಿ ನನ್ನದು. ಅಂಗಡಿಯಲ್ಲಿ ನನ್ನ ಮೊದಲ ಮಾತೇ, "ದೊಡ್ಡದs ಕೊಡ್ರಿ, ಹುಡುಗ ಬೆಳೀತಾನ." ಅಂಗಿ-ಚಡ್ಡಿ ಒಂದಳತೆ ದೊಡ್ಡದು ಹೊಲಿಸಿ ರೂಢಿಯಾದ ನಾಲಗೆ!

ಹದಿನೈದೇ ದಿನಕ್ಕೆ ಅವನ ಮೊಣಕೈ ನೋಯತೊಡಗಿತು. "ಅಜ್ಜಾ, ನಾ ಒಲ್ಲೆ" ಎಂದು ರ‍್ಯಾಕೆಟ್ ಮೂಲೆಗಿಟ್ಟ. ನೋವಿಗಿಂತ ಆ 'ಒಲ್ಲೆ' ನನ್ನನ್ನು ಚುಚ್ಚಿತು. ಹೋಗಿ ತರಬೇತಿ ಕೊಡುವವರನ್ನು ಕೇಳಿದರೆ, ನಾನು ಕೊಂಡದ್ದು ದೊಡ್ಡವರ 27 ಇಂಚಿನದು ಎಂದರು.

ಮಕ್ಕಳ ರ‍್ಯಾಕೆಟ್ 19 ಇಂಚಿನಿಂದ ಶುರುವಾಗಿ 21, 23, 25, 26 ಎಂದು ಏರುತ್ತದೆ. ಆರರಿಂದ ಎಂಟು ವರ್ಷದವರಿಗೆ ಸಾಮಾನ್ಯವಾಗಿ 23, ಎಂಟರಿಂದ ಹತ್ತರವರಿಗೆ 25. ಆದರೆ ವಯಸ್ಸಿಗಿಂತ ಎತ್ತರ ನೋಡಬೇಕು. ಮಕ್ಕಳೇ, ನೆಟ್ಟಗೆ ನಿಂತು, ಕೈ ಇಳಿಬಿಟ್ಟು ರ‍್ಯಾಕೆಟ್ ಹಿಡಿಯಿರಿ. ಅದರ ತುದಿ ನೆಲಕ್ಕೆ ಸೋಕಿಯೂ ಸೋಕದಂತಿದ್ದರೆ ಅದು ನಿಮ್ಮದು. ನೆಲಕ್ಕೆ ತಾಗಿ ಮೊಣಕೈ ಮಡಚಬೇಕಾಯಿತೋ, ಉದ್ದವಾಯಿತು. ಹಿಡಿಯನ್ನೂ ನೋಡಿ: ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಹಿಡಿಸುವಷ್ಟು ಜಾಗವಿರಬೇಕು. ಚೆಂಡೂ ಅಷ್ಟೇ. ಹತ್ತು ವರ್ಷದೊಳಗಿನವರ ಪಂದ್ಯಗಳಿಗೆ ನಿಧಾನವಾಗಿ ಪುಟಿಯುವ ಚೆಂಡೇ ಆಗಬೇಕೆಂದು 2012ರಿಂದ ಅಂತಾರಾಷ್ಟ್ರೀಯ ನಿಯಮವೇ ಇದೆ. ಮೊದಲು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಸಿರು ಗುರುತಿನದು.

ದೊಡ್ಡವರಲ್ಲಿ ಹೊಸದಾಗಿ ಕಲಿಯುವವರಿಗೆ ಅಗಲ ಮುಖದ್ದು ಒಳ್ಳೆಯದು, 100ರಿಂದ 110 ಚದರ ಇಂಚು. ಚೆಂಡು ನಡುವಿಗೆ ಬೀಳದಿದ್ದರೂ ಅದು ಸಂಭಾಳಿಸುತ್ತದೆ. ತೂಕ 260ರಿಂದ 285 ಗ್ರಾಂ ಸಾಕು. ಪಳಗಿದವರು 300 ಗ್ರಾಂ ದಾಟಿದ್ದನ್ನೂ, ಕಿರಿದು ಮುಖದ್ದನ್ನೂ ಹಿಡಿಯುತ್ತಾರೆ; ಏಟು ಬೇಕಾದಲ್ಲಿಗೇ ಹೋಗುತ್ತದೆ, ಆದರೆ ತಪ್ಪಿಗೆ ಕ್ಷಮೆಯಿಲ್ಲ. ಟಿ.ವಿ.ಯಲ್ಲಿ ಕಂಡ ಆಟಗಾರನದೇ ಬೇಕೆಂದು ಹಟ ಹಿಡಿಯುವವರು ಕೇಳಿ: 90 ಚದರ ಇಂಚಿನದರಲ್ಲಿ ಅಷ್ಟೆಲ್ಲ ಗೆದ್ದ ರೋಜರ್ ಫೆಡರರ್ ಕೂಡ 2014ರಲ್ಲಿ 97ರದ್ದಕ್ಕೆ ಬಂದರು.

ಇನ್ನು ತಂತಿಯ ಸಂಗತಿ. ರಾಷ್ಟ್ರಧ್ವಜದ ಖಾದಿ ನೇಯುವ ಊರು ನಮ್ಮದು, ಗರಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರ‍್ಯಾಕೆಟ್ ಮೇಲೆ 16×19 ಎಂದಿದ್ದರೆ 16 ಹಾಸು, 19 ಹೊಕ್ಕು ಎಂದೇ ತಿಳಿಯಿರಿ. ವಿರಳ ನೇಯ್ಗೆ ಚೆಂಡನ್ನು ಹಿಡಿದು ತಿರುಗಿಸುತ್ತದೆ, ಆದರೆ ತಂತಿ ಬೇಗ ಸವೆಯುತ್ತದೆ. 18×20ರದ್ದು ಒತ್ತು ನೇಯ್ಗೆ. ಬಾಳಿಕೆ ಹೆಚ್ಚು, ಚೆಂಡು ಅಷ್ಟು ತಿರುಗದು. ಬಿಗಿ ಸಾಮಾನ್ಯವಾಗಿ 50ರಿಂದ 60 ಪೌಂಡ್. ನನಗೆ ಅಚ್ಚರಿಯಾದದ್ದು ಇದು: ಬಿಗಿದಷ್ಟೂ ಚೆಂಡು ದೂರ ಹೋಗುತ್ತದೆಂದು ತಿಳಿದಿದ್ದೆ. ಅದು ತಿರುಗಾಮುರುಗಾ! ಸ್ವಲ್ಪ ಸಡಿಲವಿದ್ದರೇ ಚೆಂಡು ದೂರ ಚಿಮ್ಮುತ್ತದೆ, ಮೊಣಕೈಗೂ ಹಿತ. ಪಾಲಿಯೆಸ್ಟರ್ ತಂತಿ ಗಡುಸು, ಮಕ್ಕಳ ಕೈಗೂ ನಮ್ಮಂಥ ಮುದುಕರ ಕೈಗೂ ನೈಲಾನೇ ಮೇಲು.

ಮುದುಕರು ಎಂದರೆ ನಗಬೇಡಿ. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ನನ್ನದು ಇನ್ನೂ ಇಪ್ಪತ್ತೈದು ಮುಂದಿದೆ, ಆ ಮಾತು ಬೇರೆ.

ಮೊಣಕೈ ವಾಸಿಯಾಗುವವರೆಗೆ ಕಾದು, ಹುಡುಗನಿಗೆ 25 ಇಂಚಿನ ಅಲ್ಯೂಮಿನಿಯಂ ರ‍್ಯಾಕೆಟ್ ತಂದೆ. ಮೊದಲಿನದಕ್ಕಿಂತ ಅಗ್ಗವೂ ಆಯಿತು. ಮೊದಲ ದಿನ ಕೋರ್ಟಿನಿಂದ ಬಂದವನು ಊಟಕ್ಕೂ ಮೊದಲು ಗೋಡೆಗೆ ಚೆಂಡು ಹೊಡೆಯುತ್ತ ನಿಂತ. 27 ಇಂಚಿನದು ಈಗ ನನ್ನ ಪಾಲಿಗೆ ಬಂದಿದೆ. ಬೆಳಗಾದರೆ ಹಿತ್ತಲಿನ ಗೋಡೆಗೆ ನಾನೂ ಹತ್ತು ಏಟು ಹಾಕುತ್ತೇನೆ. ಪಕ್ಕದವರ ಅಂಗಳಕ್ಕೆ ಹೋದ ಚೆಂಡು ತರುವುದು ಮೊಮ್ಮಗನ ಕೆಲಸ.