ಹಣೆಯ ಪಟ್ಟಿಗೆ ಒಳಗಿನ ಬಿಸಿ ಹೇಗೆ ಗೊತ್ತು?

ಪ್ರಶ್ನೆ: ಆಪರೇಷನ್ ಹೊತ್ತಿನಲ್ಲಿ ರೋಗಿಯ ಹಣೆಗೆ ಪಟ್ಟಿ ಅಂಟಿಸಿ ಮೈಯೊಳಗಿನ ತಾಪಮಾನ ಅಳೆಯುತ್ತಾರಂತೆ. ಚರ್ಮದ ಮೇಲಿರುವ ಪಟ್ಟಿಗೆ ಒಳಗಿನ ಬಿಸಿ ಹೇಗೆ ತಿಳಿಯುತ್ತದೆ?

ಅರಿವಳಿಕೆ ಕೊಟ್ಟಾಗ ಚರ್ಮದ ರಕ್ತನಾಳಗಳು ಹಿಗ್ಗಿ, ಒಡಲಿನ ಬಿಸಿ ಕೈಕಾಲುಗಳತ್ತ ಹರಿಯುತ್ತದೆ. ಮೊದಲ ಗಂಟೆಯಲ್ಲೇ ಒಳಗಿನ ತಾಪ 1 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಇಳಿಯಬಹುದು. 36 ಡಿಗ್ರಿಗಿಂತ ಕೆಳಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದು, ಗಾಯಕ್ಕೆ ಸೋಂಕಿನ ಭಯವೂ ಹೆಚ್ಚು. ಅದಕ್ಕೇ ಈ ಕಾವಲು.

ಬರಿಯ ಚರ್ಮವನ್ನು ಅಳೆದರೆ ಲೆಕ್ಕ ತಪ್ಪುತ್ತದೆ. ಬಿಸಿ ಗಾಳಿಗೆ ಸೋರುತ್ತಲೇ ಇರುತ್ತದೆ. ಪಟ್ಟಿಯ ಕೆಲಸ ಈ ಸೋರಿಕೆಯನ್ನು ನಿಲ್ಲಿಸುವುದು. ಅದರಲ್ಲಿ ಶಾಖ ತಡೆಯುವ ಒಂದು ಪದರ, ಪದರದ ಕೆಳಗೊಂದು ಮೇಲೊಂದು ಸಂವೇದಕ, ಎಲ್ಲಕ್ಕಿಂತ ಮೇಲೆ ಪುಟ್ಟ ಹೀಟರ್. ಎರಡೂ ಸಂವೇದಕಗಳು ಒಂದೇ ಅಂಕಿ ತೋರಿಸುವವರೆಗೆ ಹೀಟರ್ ಬಿಸಿಯೇರಿಸುತ್ತದೆ. ಆಗ ಒಳಗಿನ ಬಿಸಿಗೆ ಹೊರಹೋಗಲು ದಾರಿಯಿಲ್ಲ. ಕೆಲವು ನಿಮಿಷಗಳಲ್ಲಿ ಚರ್ಮದ ತಾಪ, ಅದರಡಿ 1–2 ಸೆಂ.ಮೀ. ಆಳದ ತಾಪಕ್ಕೆ ಸಮವಾಗುತ್ತದೆ.

ಪೈಪಿನಿಂದ ಜೋಡಿಸಿದ ಎರಡು ತೊಟ್ಟಿ ನೆನೆಸಿಕೊಳ್ಳಿ. ಒಂದು ಗೋಡೆಯಾಚೆ ಇದೆ, ಕಾಣದು. ಈಚೆಯ ತೊಟ್ಟಿಗೆ ನೀರು ಹೊಯ್ಯುತ್ತ ಹೋಗಿ. ಪೈಪಿನಲ್ಲಿ ಹರಿವು ನಿಂತಾಗ ಆಚೆಯ ಮಟ್ಟವೂ ಅಷ್ಟೇ!

ಬ್ರಿಟನ್ನಿನ ಫಾಕ್ಸ್ ಮತ್ತು ಸಾಲ್ಮನ್ 1971ರಲ್ಲೇ ಈ ಉಪಾಯ ವಿವರಿಸಿದ್ದರು.