ರೆಕ್ಕೆ ಮುರಿದ ಜಯದೇವತೆ

ನಮ್ಮ ಸಂಘದ ಬೀರುವಿನಲ್ಲಿರುವ ಚರ್ಚಾಸ್ಪರ್ಧೆಯ ಕಪ್ಪನ್ನು ನೀವೆಲ್ಲ ನೋಡಿದ್ದೀರಿ. ಅದರ ಮೇಲೆ ರೆಕ್ಕೆಯುಳ್ಳ ಹೆಂಗಸೊಬ್ಬಳು ನಿಂತಿದ್ದಾಳೆ. 'ಚರ್ಚಿನ ದೇವದೂತೆ ಇರಬೇಕು ಕಣೋ' ಅಂತ ನಮ್ಮಲ್ಲೇ ಕೆಲವರು ಹೇಳಿದ್ದುಂಟು. ಅಲ್ಲ, ಅವಳು ಗ್ರೀಕರ ಜಯದೇವತೆ ನೀಕೆ. ಬೂಟಿನ ಅಂಗಡಿಯಲ್ಲಿ 'ನೈಕಿ' ಅಂತೀವಲ್ಲ, ಅದೇ ಹೆಸರು. ಆ ಬೂಟಿನ ಬಾಗಿದ ಗೆರೆಯನ್ನು 1971ರಲ್ಲಿ ಕ್ಯಾರೊಲಿನ್ ಡೇವಿಡ್‌ಸನ್ ಎಂಬ ವಿದ್ಯಾರ್ಥಿನಿ ಬರೆದುಕೊಟ್ಟಳು. ಸಿಕ್ಕಿದ ಸಂಭಾವನೆ 35 ಡಾಲರ್!

ಹೆಸಿಯಡ್ ಕವಿ ಹೇಳುವಂತೆ ಇವಳು ಪಲ್ಲಾಸ್ ಮತ್ತು ಸ್ಟಿಕ್ಸ್ ಎಂಬ ನದೀದೇವತೆಯ ಮಗಳು. ಪೈಪೋಟಿ, ಅಧಿಕಾರ, ಬಲಾತ್ಕಾರ ಇವಳ ಒಡಹುಟ್ಟಿದವರು. ಎಂಥ ಮನೆತನ ನೋಡಿ! ಟೈಟನ್ನರ ಮೇಲೆ ಜ್ಯೂಸ್ ಯುದ್ಧ ಹೂಡಿದಾಗ ಸ್ಟಿಕ್ಸ್ ಎಲ್ಲರಿಗಿಂತ ಮೊದಲು ಮಕ್ಕಳನ್ನು ಕರಕೊಂಡು ಅವನ ಪಕ್ಷಕ್ಕೆ ಬಂದಳಂತೆ. ಅದು ಬಿಟ್ಟರೆ ನೀಕೆಗೆ ಸ್ವಂತ ಕತೆ ಕಡಿಮೆ. ಯಾರ ತಲೆಯ ಮೇಲೆ ಇಳಿದಳು ಅನ್ನುವುದೇ ಅವಳ ಕತೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅಥೆನ್ಸಿನ ಸಂಗತಿ. ಅಲ್ಲಿಯ ಅಕ್ರೊಪೊಲಿಸ್ ಗುಡ್ಡದ ಅಂಚಿನಲ್ಲಿ ಪುಟ್ಟದೊಂದು ಗುಡಿ. ಸ್ಪಾರ್ಟಾದೊಡನೆ ಯುದ್ಧ ನಡೆಯುತ್ತಿದ್ದ ಕಾಲದಲ್ಲೇ, ಕ್ರಿ.ಪೂ. 420ರ ಸುಮಾರಿಗೆ, ಕಟ್ಟಿ ಮುಗಿಸಿದ್ದು. ಒಳಗಿನ ಮೂರ್ತಿ ಅಥೀನಾ-ನೀಕೆಯದು. ಅದಕ್ಕೆ ರೆಕ್ಕೆ ಇರಲಿಲ್ಲ. ರೆಕ್ಕೆ ಇಲ್ಲದ ಜಯ ನಮ್ಮಲ್ಲೇ ಉಳಿಯುತ್ತದೆ ಎಂದು ಅಥೆನ್ಸಿನವರು ನಂಬಿದ್ದರಂತೆ, ಯಾತ್ರಿಕ ಪೌಸೇನಿಯಸ್ ಬರೆದಿದ್ದಾನೆ. ಸ್ಪಾರ್ಟಾದವರೇನು ಕಡಿಮೆಯೇ? ಅವರು ತಮ್ಮ ಯುದ್ಧದೇವನ ಕಾಲಿಗೆ ಬೇಡಿ ಹಾಕಿದ್ದರು. ಕ್ರಿ.ಪೂ. 404ರಲ್ಲಿ ಸೋತು ಶರಣಾದದ್ದು ಅಥೆನ್ಸೇ. 1686ರಲ್ಲಿ ತುರ್ಕರು ಆ ಗುಡಿಯನ್ನು ಬಿಚ್ಚಿ, ಕಲ್ಲುಗಳನ್ನು ಕೋಟೆಗೆ ಬಳಸಿದರು. ಈಗ ಕಾಣುವುದು ಅವೇ ಕಲ್ಲುಗಳನ್ನು ಹೆಕ್ಕಿ ಮತ್ತೆ ಕಟ್ಟಿದ ಗುಡಿ. ಅದರ ಸುತ್ತಿನ ಕಟಾಂಜನದ ಮೇಲಿದ್ದ ಒಬ್ಬ ನೀಕೆ ಬಾಗಿ ಪಾದರಕ್ಷೆ ಸರಿಮಾಡಿಕೊಳ್ಳುತ್ತಿದ್ದಾಳೆ. ಇವಳಿಗೆ ಮಾತ್ರ ರೆಕ್ಕೆ ಇದೆ.

ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ, 1863ರಲ್ಲಿ ಸ್ಯಾಮೊಥ್ರೇಸ್ ದ್ವೀಪದಲ್ಲಿ ಸಿಕ್ಕಿದ ನೀಕೆಗೆ ತಲೆಯೇ ಇಲ್ಲ. ಆದರೂ ಹಡಗಿನ ಮೂತಿಯ ಮೇಲೆ ಗಾಳಿಗೆದುರಾಗಿ ನಿಂತ ಠೀವಿ ಫೋಟೋದಲ್ಲೂ ಕಾಣುತ್ತದೆ. ಒಲಿಂಪಿಕ್ ಪದಕದ ಮೇಲೂ ಇವಳೇ. 1928ರಿಂದ ಕೂತಿದ್ದವಳು 2004ರಲ್ಲಿ ಎದ್ದು ನಿಂತಳು. ನಮ್ಮ ಕಡೆಗೂ ಬಂದಿದ್ದಳು: ಬೌದ್ಧರು ಮಿಲಿಂದ ಎನ್ನುವ ಮಿನಾಂಡರನ ಕೆಲವು ನಾಣ್ಯಗಳಲ್ಲಿ ಖರೋಷ್ಠಿ ಅಕ್ಷರಗಳ ನಡುವೆ ಮಾಲೆ ಹಿಡಿದು ನಿಂತಿದ್ದಾಳೆ.

ಇನ್ನು ನಮ್ಮ ಕಪ್ಪು. ಮೂರು ವರ್ಷದ ಹಿಂದೆ ಗೆದ್ದು ತರುವಾಗ ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಅವಳ ಎಡರೆಕ್ಕೆ ಮುರಿಯಿತು. 'ಒಳ್ಳೇದಾಯ್ತು, ಇನ್ನೆಲ್ಲಿ ಹಾರ್ತಾಳೆ!' ಅಂತ ನಕ್ಕವರಲ್ಲಿ ನಾನೂ ಒಬ್ಬ. ಈ ಸಲ ಸೋತ ತಂಡದಲ್ಲೂ ನಾನಿದ್ದೆ. ಎರಡನೆಯ ಸುತ್ತಿನಲ್ಲಿ ಮಾತು ಮರೆತವನೂ ನಾನೇ. ಬರುವ ಶನಿವಾರ ಕಪ್ಪನ್ನು ಗೆದ್ದವರಿಗೆ ಒಪ್ಪಿಸಬೇಕು. ಮುರಿದ ರೆಕ್ಕೆ ನನ್ನ ಮೇಜಿನ ಖಾನೆಯಲ್ಲಿದೆ. ಬೆಸುಗೆ ಹಾಕುವವರು ಯಾರಾದರೂ ಗೊತ್ತಿದ್ದರೆ ಶುಕ್ರವಾರದೊಳಗೆ ತಿಳಿಸಿ.